ಹಿರಿಸೊಸೆಗೆ ಹೊಸ ಪೆಟ್ರೋಲು

ಮನೆಯಿಂದ,
ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಯಜಮಾನರೇ,

ಹೀಗೆ ಕರೆದರೆ ನಿಮಗೆ ಇಷ್ಟವೆಂದು ಕರೆದಿದ್ದೇನೆ. ಪತ್ರ ಮುಗಿಯುವಷ್ಟರಲ್ಲಿ ಈ ಬಿರುದನ್ನು ವಾಪಸು ಪಡೆಯಬೇಕಾಗಿ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಹೇಗಿದ್ದೀರಿ? ಎಡಭುಜದ ನೋವು ಇಳಿಯಿತೇ, ಅಥವಾ ಅದಕ್ಕೂ ‘ಏನಿಲ್ಲ ಬಿಡು’ ಅಂದುಕೊಂಡು ಓಡಾಡುತ್ತಿದ್ದೀರೋ? ಹಡಗಿನ ಇಂಜಿನ್ ರೂಮಿನಿಂದ ಬೆವರಿಕೊಂಡು ಮೇಲೆ ಬಂದವರು ಹಾಗೇ ಗಾಳಿಗೆ ಎದೆಯೊಡ್ಡಿ ನಿಲ್ಲಬಾರದು ಎಂದು ಅತ್ತೆ ಹೇಳಿದ್ದಾರೆ. ಅವರು ಚೆನ್ನಾಗಿದ್ದಾರೆ. ಮಂಡಿ ನೋವು ಇದ್ದೇ ಇದೆ, ಬಸ್ಸಿನ ಮೆಟ್ಟಿಲು ಹತ್ತುವುದು ಈಗ ಆಗುವುದಿಲ್ಲ. ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನಾನೂ ಚೆನ್ನಾಗಿದ್ದೇನೆ. ಲ್ಯಾಬಿನಲ್ಲಿ ಅದೇ ರಕ್ತ, ಅದೇ ಸೂಜಿ, ಸ್ಯಾಂಪಲ್ ಹೊತ್ತು ಊರೆಲ್ಲ ಸುತ್ತಲು ಅದೇ ವ್ಯಾನು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಹಡಗಿನ ಫೋನಿಗೆ ಒಂದು ಗುಣವಿದೆ. ನೀವು ಮಾತಾಡುವಾಗ ಸರಿಯಾಗಿರುತ್ತದೆ, ನಾನು ಬಾಯಿ ತೆರೆದ ಕೂಡಲೇ ಕಡಿದುಹೋಗುತ್ತದೆ. ಪತ್ರದಲ್ಲಾದರೆ ನೀವು ಅಡ್ಡ ಬಾಯಿ ಹಾಕುವಂತಿಲ್ಲ. ಶುಕ್ರವಾರ ನಿಮ್ಮ ಹಡಗು ಬಂದರಿಗೆ ಬಂದಾಗ ಇದು ನಿಮ್ಮ ಕೈಗೆ ಸಿಗುವಂತೆ ನಾನು ನೋಡಿಕೊಳ್ಳುತ್ತೇನೆ. ಎರಡೇ ದಿನ ನಿಲ್ಲುವುದು, ಮನೆಗೆ ಬಂದು ಹೋಗಲು ರಜೆ ಸಿಗುವುದಿಲ್ಲ ಎಂದಿದ್ದೀರಿ. ಗೊತ್ತು. ಅತ್ತೆಗೂ ಹೇಳಿದೆ. ಅವರು ‘ಹೂಂ’ ಅಂದು ಕಿಟಕಿಯ ಕಡೆ ತಿರುಗಿ ಕುಳಿತರು. ಕಳೆದ ವರ್ಷದಿಂದ ಮಗನ ಮುಖ ನೋಡಿಲ್ಲ. ನನಗೂ ನಿಮ್ಮನ್ನು ನೋಡಬೇಕೆನಿಸಿದೆ, ಅದನ್ನು ಇಲ್ಲಿಯೇ ಬರೆದುಬಿಡುತ್ತೇನೆ, ಮುಂದೆ ಜಗಳದ ಭರಾಟೆಯಲ್ಲಿ ಮರೆತುಹೋದೀತು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಸಲ ಫೋನಿನಲ್ಲಿ ನೀವು, ‘ಇನ್ಮೇಲೆ ಅವಳಿಗೆ ಕುಡಿಸೋಕೆ ಪೆಟ್ರೋಲೇ ಇಲ್ಲ, ಕೊಟ್ಬಿಡೋಣ’ ಅಂದಿರಿ. ಅವಳು ಎಂದರೆ ಹಿರಿಸೊಸೆ. ಮಾವ ಕೊಂಡು ತಂದ ಈ ಕಾರು ನನಗಿಂತ ಇಪ್ಪತ್ತು ವರ್ಷ ಮೊದಲು ಮನೆ ಸೇರಿದ್ದರಿಂದ ಅತ್ತೆ ಅದಕ್ಕೆ ಆ ಹೆಸರಿಟ್ಟರು. ನಾನು ಮದುವೆಯಾಗಿ ಬಂದ ದಿನವೇ ಶೆಡ್ಡಿನ ಬಾಗಿಲು ತೆರೆದು, ‘ನೋಡು, ಇವಳು ನಿನ್ನ ಓರಗಿತ್ತಿ’ ಅಂದಿದ್ದರು. ಓರಗಿತ್ತಿಯರ ನಡುವೆ ಇರಬೇಕಾದಷ್ಟು ಅಸಮಾಧಾನ ನನಗೂ ಅವಳ ಮೇಲೆ ಇದ್ದೇ ಇತ್ತು. ನೀವು ಅವಳ ಬಾನೆಟ್ಟನ್ನು ಮೆತ್ತನೆ ಬಟ್ಟೆಯಿಂದ ಒರೆಸುವಾಗ ನನ್ನ ಜ್ವರದ ಹಣೆಗೆ ಯಾವತ್ತಾದರೂ ಹೀಗೆ ಕೈ ಇಟ್ಟಿದ್ದಾರೆಯೇ ಎಂದು ಅಂದುಕೊಂಡದ್ದೂ ಉಂಟು. ಆದರೂ ಅವಳನ್ನು ಮನೆಯಿಂದ ಕಳಿಸುವ ಮಾತು ಬಂದಾಗ ನನಗೆ ಸಿಟ್ಟು ಬಂತು. ಒಬ್ಬಳನ್ನು ಕಳಿಸಿದವರು ಇನ್ನೊಬ್ಬಳನ್ನೂ ಕಳಿಸಿಯಾರು!

ಅವಳು ಕೆಟ್ಟು ನಿಂತದ್ದು ನಿಜ. ಮೂರು ವಾರದ ಹಿಂದೆ, ಭಾನುವಾರ ಎಂದಿನಂತೆ ಸ್ಟಾರ್ಟ್ ಮಾಡಿದರೆ ಎರಡು ಸಲ ಕೆಮ್ಮಿ ಸುಮ್ಮನಾದಳು. ಮೇಸ್ತ್ರಿಯನ್ನು ಕರೆಸಿದೆ. ಯಾವ ಕೆಲಸ ಹೇಳಿದರೂ ಮೊದಲು ‘ಆಗಲ್ಲ’ ಅಂದು ಆಮೇಲೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ನಮ್ಮ ಆಗಲ್ಲ ಮೇಸ್ತ್ರಿಯೇ. ಈ ಸಲ ಸ್ಪ್ಯಾನರನ್ನೂ ಎತ್ತಲಿಲ್ಲ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಅದು ಹಳೆ ಗಾಡಿಗಳ ರಬ್ಬರು ತಿನ್ನುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ, ಕೊಡುವುದಿದ್ದರೆ ಈಗಲೇ ಕೊಡಿ ಎಂದ. ನಿಮಗೂ ಫೋನು ಹಚ್ಚಿ ಹೇಳಿದ. ನೀವು ಅಲ್ಲಿಂದಲೇ ಹಳೆ ಕಾರುಗಳನ್ನು ಸಂಗ್ರಹಿಸುವ ಆ ಹವ್ಯಾಸಿ ಮಹಾಶಯರನ್ನು ಗೊತ್ತುಮಾಡಿದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ನನ್ನನ್ನಿರಲಿ, ಮಾವ ಹೋದ ಮೇಲೆ ಕಾರು ಯಾರ ಹೆಸರಿನಲ್ಲಿದೆಯೋ ಆ ಅತ್ತೆಯನ್ನೂ ಒಂದು ಮಾತು ಕೇಳಲಿಲ್ಲ.

ಮೇಸ್ತ್ರಿ ಹೇಳಿದ್ದು ನಿಜವೇ ಎಂದು ನಾನೇ ನೋಡಲು ಹೊರಟೆ. ಎಥನಾಲ್ ಎಂದರೆ ನಮ್ಮ ಲ್ಯಾಬಿನ ಸ್ಪಿರಿಟ್ಟೇ, ನನಗೆ ಹೊಸದಲ್ಲ, ದಿನವಿಡೀ ಅದರಲ್ಲೇ ಕೈ. ಪೆಟ್ರೋಲಿನಲ್ಲಿ ಅದು ಎಷ್ಟಿದೆ ಎಂದು ತಿಳಿಯಲು ನೀರು ಸಾಕು, ಏಕೆಂದರೆ ಅದು ಪೆಟ್ರೋಲಿನ ಸಂಗ ಬಿಟ್ಟು ನೀರಿನ ಹಿಂದೆ ಓಡುತ್ತದೆ. ಗೀಟು ಹಾಕಿದ ಗಾಜಿನ ಪಾತ್ರೆಯೊಂದು ಬೇಕಿತ್ತು. ಲ್ಯಾಬಿನದನ್ನು ಮುಟ್ಟುವಂತಿಲ್ಲ. ಅತ್ತೆ ಒಳಗೆ ಹೋಗಿ ಹತ್ತಿಯಲ್ಲಿ ಸುತ್ತಿಟ್ಟಿದ್ದ ಒಂದು ಬಾಟಲಿ ತಂದುಕೊಟ್ಟರು. ನೀವು ಮಗುವಾಗಿದ್ದಾಗ ಹಾಲು ಕುಡಿದ ಬಾಟಲಿ! ನಾನು ಬೇಡವೆಂದೆ. ‘ಅವನೇನು ಇನ್ನು ಇದರಲ್ಲಿ ಕುಡಿಯಲ್ಲ, ತಗೋ’ ಅಂದರು. ಅಂಗಳದಲ್ಲಿ, ಒಲೆಯಿಂದ ದೂರದಲ್ಲಿ ಕೂತು (ಬಯ್ಯಬೇಡಿ, ಬೆಂಕಿಯ ಭಯ ನಿಮಗಿಂತ ನನಗೆ ಹೆಚ್ಚು) ಒಂದು ಗೀಟು ನೀರು, ಮೇಲೆ ನಾಲ್ಕು ಗೀಟು ಬಂಕಿನಿಂದ ತಂದ ಹೊಸ ಪೆಟ್ರೋಲು ಹಾಕಿ, ಮುಚ್ಚಳ ಬಿಗಿದು ಅಲುಗಿಸಿ ಇಟ್ಟೆ. ತಿಳಿಯಾದ ಮೇಲೆ ನೋಡಿದರೆ ತಳದ ನೀರು ಹೆಚ್ಚುಕಡಿಮೆ ಎರಡು ಗೀಟಾಗಿತ್ತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ.

ಆದರೆ ಇನ್ನೊಂದು ಪರೀಕ್ಷೆ ಉಳಿದಿತ್ತು. ಹಿರಿಸೊಸೆಯ ಟ್ಯಾಂಕಿನ ತಳದ ತಿರುಪು ಬಿಚ್ಚಿ ಅದೇ ಬಾಟಲಿಗೆ ಹಿಡಿದೆ. ನಾನು ಒಂದು ಹನಿ ನೀರೂ ಹಾಕಿರಲಿಲ್ಲ. ಹಾಗಿದ್ದೂ ಎರಡು ಪದರ. ಮೇಲೆ ತೆಳ್ಳಗೆ ಪೆಟ್ರೋಲು, ಕೆಳಗೆ ತುಕ್ಕುಬಣ್ಣದ ಕೊಳಕು ನೀರು. ಮೇಲಕ್ಕೆ ನೋಡಿದೆ. ಶೆಡ್ಡಿನ ತಗಡಿನಲ್ಲಿ ತೂತು, ಅದರ ನೇರ ಕೆಳಗೆ ಟ್ಯಾಂಕಿನ ಮುಚ್ಚಳ, ಮುಚ್ಚಳದ ವಾಷರ್ ಒಣಗಿ ಸೀಳಿತ್ತು. ನೀವು ಹಡಗು ಹತ್ತುವ ಮುಂಚೆ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ ಹೋಗಿದ್ದಿರಿ. ‘ನಿಂತ ಗಾಡಿಗೆ ತುಂಬಿದ ಟ್ಯಾಂಕು’ ಎಂಬುದು ಮಾವನ ಮಾತು. ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ಕೂತು ತುಕ್ಕು ಹಿಡಿಯುತ್ತದೆ ಎನ್ನುತ್ತಿದ್ದರು. ಅದಕ್ಕೆ ನಿಮ್ಮದೊಂದು ಸೇರ್ಪಡೆ: ಭಾನುವಾರ ಹತ್ತು ನಿಮಿಷ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿಡು, ಗೇಟು ದಾಟಿಸಬೇಡ. ನಾನು ಪತಿವ್ರತೆಯಂತೆ ಪಾಲಿಸಿದೆ. ಹತ್ತು ನಿಮಿಷಕ್ಕೆ ಖರ್ಚಾಗುವುದು ಎಷ್ಟು? ವರ್ಷವಿಡೀ ಅದೇ ಪೆಟ್ರೋಲು ಅಲ್ಲೇ ಕೂತು, ತೇವ ಹೀರಿ, ತೊಟ್ಟಿಕ್ಕಿದ ನೀರು ಕುಡಿದು ಹಾಳಾಗಿದೆ. ಅವಳನ್ನು ಕೆಡಿಸಿದ್ದು ಬರೀ ಪೆಟ್ರೋಲಲ್ಲ ಕಣ್ರೀ, ನಮ್ಮ ಜೋಪಾನ.

ಟ್ಯಾಂಕು ಪೂರ್ತಿ ಬರಿದು ಮಾಡಬೇಕಿತ್ತು. ಮಾವನ ಮಾತು ಮೀರುವುದು ಈ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ಎರಡು ಪದರವನ್ನು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಹೇಳಿದರು: ‘ಅವರು ಹೇಳಿದ್ದು ಅವರ ಕಾಲದ ಪೆಟ್ರೋಲಿಗೆ. ಚೆಲ್ಲು.’

ಆಗಲ್ಲ ಮೇಸ್ತ್ರಿಗೆ ಬಾಟಲಿ ತೋರಿಸಿದೆ. ಮೂಸಿದ, ತಲೆ ಕೆರೆದುಕೊಂಡ, ‘ಆಗಲ್ಲ’ ಅಂದ, ಅಂಗಿಯ ತೋಳು ಮಡಿಸಿದ. ಹೊಸ ಪೆಟ್ರೋಲು ಸಾಚಾ ಎಂದು ನಾನು ಹೇಳುತ್ತಿಲ್ಲ. ಹಳೆ ರಬ್ಬರ್ ಪೈಪು ಹಿಂಡಿದರೆ ಬೆರಳಿಗೆ ಕಪ್ಪಗೆ ಅಂಟಿತು. ಪಂಪಿನೊಳಗಿನ ಪರದೆ ಊದಿಕೊಂಡಿತ್ತು. ಕಾರ್ಬ್ಯುರೇಟರಿನ ತಳದಲ್ಲಿ ಬಿಳಿ ಪುಡಿ. ಈ ಪೆಟ್ರೋಲನ್ನು ತಡೆದುಕೊಳ್ಳುವ ಪೈಪು, ಪರದೆ, ವಾಷರ್ ಈಗ ಪೇಟೆಯಲ್ಲಿ ಸಿಗುತ್ತವೆ, ಎಲ್ಲವನ್ನೂ ಬದಲಿಸಿದೆವು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಒಂಚೂರು ಹೆಚ್ಚು ಹೋಗುವಂತೆ ಮೇಸ್ತ್ರಿ ತಿರುಪು ತಿರುಗಿಸಿದ. ಟ್ಯಾಂಕಿನೊಳಗಿನ ಹಳೆ ಕಿಟ್ಟವನ್ನು ಹೊಸ ಪೆಟ್ರೋಲು ಕೆರೆದು ತರುತ್ತದೆ, ಫಿಲ್ಟರ್ ಕಟ್ಟಿಕೊಂಡೀತು, ಒಂದೆರಡು ಜೊತೆಗಿಟ್ಟುಕೊಳ್ಳಿ ಎಂದು ಕೈಯಲ್ಲಿಟ್ಟ, ಹಾಕುವುದನ್ನೂ ಕಲಿಸಿದ. ಏರಿನಲ್ಲಿ ಅವಳು ಸ್ವಲ್ಪ ಗೊಣಗುತ್ತಾಳೆ. ಗೊಣಗಲಿ ಬಿಡಿ, ಈ ಮನೆಯಲ್ಲಿ ಸೊಸೆಯಂದಿರಿಗೆ ಅಷ್ಟಾದರೂ ಹಕ್ಕಿರಲಿ. ಹುಣಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ?

ನಿಮ್ಮ ಮಹಾಶಯರು ಮೊನ್ನೆ ಭಾನುವಾರ ಬಂದರು. ಸಂಭಾವಿತರು, ತಪ್ಪು ಹೇಳಬಾರದು. ಕೈಗೆ ಬಿಳಿ ಗವಸು ಹಾಕಿಕೊಂಡು ಸುತ್ತಲೂ ಸವರಿದರು. ತಮ್ಮ ಮನೆಯಲ್ಲಿ ಗಾಜಿನ ಕೋಣೆಯಿದೆ, ಅದರಲ್ಲಿ ದೀಪ ಹಾಕಿ ಇಡುತ್ತೇನೆ, ಪೆಟ್ರೋಲಿನ ವಾಸನೆಯನ್ನೂ ತೋರಿಸುವುದಿಲ್ಲ ಎಂದರು. ಓಡಿಸುವುದೇ ಇಲ್ಲವೇ ಎಂದು ಅತ್ತೆ ಕೇಳಿದರು. ಈಗಿನ ಪೆಟ್ರೋಲಿಗೆ ಓಡಿಸುವುದು ಪಾಪವಮ್ಮಾ, ನಿಮ್ಮ ಮಗನೂ ಹಾಗೇ ಹೇಳಿದರು ಎಂದು ಅವರು ವಿನಯದಿಂದ ನಕ್ಕರು.

ಅತ್ತೆ ಎದ್ದರು. ಊರುಗೋಲು ಊರಿಕೊಂಡು ಕಾರಿನ ಹತ್ತಿರ ಹೋದರು. ನಿಮಗೆ ಗೊತ್ತಲ್ಲ, ಮಾವನ ಕಾಲದಲ್ಲಿ ಹೆಂಗಸರಿಗೆ ಹಿಂದಿನ ಸೀಟು. ಮಾವ ಹೋದ ಮೇಲೂ ನೀವು ಓಡಿಸುವಾಗ ಮುಂದಿನ ಸೀಟಿನಲ್ಲಿ ನಿಮ್ಮ ಬ್ಯಾಗು, ನಾವಿಬ್ಬರೂ ಹಿಂದೆ. ವಾರವೆಲ್ಲ ಲ್ಯಾಬಿನ ವ್ಯಾನು ಓಡಿಸುವ ನಾನು ಮನೆಯ ಕಾರಿನಲ್ಲಿ ಹಿಂದೆ ಕೂತು ನಿಮ್ಮ ಕತ್ತು ನೋಡುತ್ತಿದ್ದೆ. ಅತ್ತೆ ಮುಂದಿನ ಬಾಗಿಲು ತೆಗೆದು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಊರುಗೋಲನ್ನು ಮಂಡಿಗಳ ನಡುವೆ ನಿಲ್ಲಿಸಿ ಕೂತರು. ನನ್ನ ಕಡೆ ತಿರುಗಿ ‘ನಡಿ’ ಅಂದರು.

ಸ್ಟೀರಿಂಗ್ ಮುಂದೆ ಕೂತೆ. ಒಂದೇ ಸಲಕ್ಕೆ ಸ್ಟಾರ್ಟ್ ಆದಳು. ಗವಸಿನ ಮಹಾಶಯರು ಗೇಟಿನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾವು ಪೇಟೆ ದಾಟಿ, ಕೆರೆ ಏರಿಯವರೆಗೆ ಹೋಗಿ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಇಳಿಯುವಾಗ ಅತ್ತೆ, ಮುಂದೆ ಕೂತರೆ ರಸ್ತೆ ಇಷ್ಟೊಂದು ಕಾಣುತ್ತದೆಂದು ಗೊತ್ತಿರಲಿಲ್ಲ ಎಂದರು. ನನಗೆ ಅಳು ಬಂತು.

ಆದ್ದರಿಂದ ಕೇಳಿಸಿಕೊಳ್ಳಿ. ಹಿರಿಸೊಸೆ ಎಲ್ಲಿಗೂ ಹೋಗುವುದಿಲ್ಲ. ಅತ್ತೆ ರುಜು ಹಾಕುವುದಿಲ್ಲ, ನಾನು ಹಾಕಿಸುವುದಿಲ್ಲ. ಇನ್ನು ಮೇಲೆ ಬೇಕಾದಷ್ಟೇ ಪೆಟ್ರೋಲು ಹಾಕಿಸುವುದು, ಅದು ಹಳಸುವ ಮುಂಚೆ ಓಡಿಸಿ ಮುಗಿಸುವುದು, ಮತ್ತೆ ಹಾಕಿಸುವುದು. ಶೆಡ್ಡಿನ ತಗಡು ಬದಲಾಯಿಸಿದ್ದೇನೆ. ನಿಮ್ಮ ಬೀರುವಿನಲ್ಲಿದ್ದ ಕೀಲಿ ಈಗ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಪಕ್ಕದ ಮೊಳೆಗೆ ಬಂದಿದೆ, ಅಲ್ಲೇ ಇರುತ್ತದೆ. ಗೀರು ಬಿದ್ದರೆ ಬೀಳಲಿ, ನಮಗೂ ಬಿದ್ದಿವೆ. ಇಂಜಿನ್ ನಿಲ್ಲಿಸಿಟ್ಟರೆ ಕೆಡುತ್ತದೆ ಎಂದು ಹಡಗಿನಲ್ಲಿ ಹುಡುಗರಿಗೆ ಪಾಠ ಹೇಳುವವರು ನೀವು. ಮನೆಯ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಇಳಿದುಹೋಗುತ್ತದೋ ಕಾಣೆ. ಕೋಪ ಬಂದಿದ್ದರೆ ಬರಲಿ, ಭುಜ ನೋಯುವಷ್ಟು ಕೈ ಬೀಸಬೇಡಿ ಅಷ್ಟೇ.

ವೇಳೆಗೆ ಸರಿಯಾಗಿ ಊಟ ಮಾಡಿ. ಅತ್ತೆ ನಿಮ್ಮ ನೆತ್ತಿ ಸವರಿ ಆಶೀರ್ವಾದ ಹೇಳಿದ್ದಾರೆ. ನೆತ್ತಿ ಇಲ್ಲಿಲ್ಲದ್ದರಿಂದ ಕಾರಿನ ಬಾನೆಟ್ಟನ್ನೇ ಸವರಿದರು. ಆಗಲ್ಲ ಮೇಸ್ತ್ರಿಯ ನಮಸ್ಕಾರ.

ಇಂತಿ,
ಈ ಮನೆಯ ಕಿರಿಸೊಸೆ

ತಾ.ಕ.: ಶುಕ್ರವಾರ, ಅವಸರದಲ್ಲಿ. ಕವರಿನ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿದಿರಾ? ಬಂದರಿನ ಗೇಟಿನ ಕಾವಲುಗಾರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ಅವನು ಅವಸರ ಮಾಡುತ್ತಿದ್ದಾನೆ. ನಿನ್ನೆ ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಎರಡು ಸಲ ಫಿಲ್ಟರ್ ಕಟ್ಟಿಕೊಂಡಿತು, ಎರಡು ಸಲವೂ ನಾನೇ ಬದಲಿಸಿದೆ. ಅತ್ತೆ ಮೊದಲ ಸಲ ಸಮುದ್ರ ನೋಡಿದರು, ‘ಇಷ್ಟೇನಾ’ ಅಂದರು. ನಿಮಗೆ ರಜೆ ಇಲ್ಲದಿದ್ದರೆ ಬೇಡ, ಗೇಟಿನವರೆಗೆ ಬನ್ನಿ ಸಾಕು. ಹಿರಿಸೊಸೆ ಎದುರಿನ ಗೋಡೆಯ ನೆರಳಿನಲ್ಲಿ ನಿಂತಿದ್ದಾಳೆ. ನಿಮ್ಮ ಅಮ್ಮ ಮುಂದಿನ ಸೀಟಿನಿಂದ ಇಳಿಯುವುದಿಲ್ಲವಂತೆ. ನಿಮಗೆ ಹಿಂದಿನ ಸೀಟು ಒರೆಸಿಟ್ಟಿದ್ದೇನೆ.