ನಿನ್ನ ಹೆಂಡತಿ ಮಾಡಿದ ಆಸ್ಪತ್ರೆ ಬೋರ್ಡುಗಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ಮಗನಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಹಡಗುಗಳ ಮೇಲೆ ಹೆಸರು ಬರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಹೂಂ ಎನ್ನುತ್ತೀಯ, ಕಟ್ಟುವುದಿಲ್ಲ. ಪೇಂಟಿನ ವಾಸನೆ ಎದೆಯಲ್ಲಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು. ಬರೆಯಲು ಕೂತದ್ದು ನಿನ್ನ ಹೆಂಡತಿಯ ವಿಷಯಕ್ಕೆ. ಗಾಬರಿಯಾಗಬೇಡ, ಒಳ್ಳೆಯ ಸುದ್ದಿಯೇ. ನೀನು ಫೋನ್ ಮಾಡಿದಾಗ ಅವಳು "ಎಲ್ಲಾ ಚೆನ್ನಾಗಿದೆ ರೀ" ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಲು ನನ್ನಿಂದಾಗದು.

ಹೊಸ ಆಸ್ಪತ್ರೆಯವರು ಬೋರ್ಡಿನ ಕೆಲಸ ನಮ್ಮ ಅಂಗಡಿಗೇ ಕೊಟ್ಟದ್ದು ನಿನಗೆ ಗೊತ್ತು. ಓದು ಬಾರದವರಿಗೂ ದಾರಿ ತಿಳಿಯಬೇಕು. ಕಣ್ಣಿನ ಕೋಣೆಗೆ ಕಣ್ಣಿನ ಚಿತ್ರ, ಮೂಳೆಯ ಕೋಣೆಗೆ ಮೂಳೆಯದು. ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಆ ಡಿಸೈನ್ ಸಾಫ್ಟ್‌ವೇರಿನವರು ತಿಂಗಳ ಬಾಡಿಗೆ ಮತ್ತೆ ಏರಿಸಿದರು. ಕಟ್ಟದಿದ್ದರೆ ನಾವೇ ಬರೆದ ಚಿತ್ರ ನಮಗೇ ತೆರೆಯುವುದಿಲ್ಲವಂತೆ. ಬಾಡಿಗೆ ಮನೆ ಖಾಲಿ ಮಾಡುವವರಿಗೆ ಪಾತ್ರೆಪಗಡಿ ಇಲ್ಲೇ ಬಿಟ್ಟು ಹೋಗಿ ಎಂದ ಹಾಗಾಯಿತು. ನೀನು "ಹೇಗಾದ್ರೂ ಕಟ್ಟು, ಕೆಲಸದ ಮಧ್ಯೆ ಬದಲಾಯಿಸೋಕೆ ಹೋಗಬೇಡ" ಎಂದೆ. ಅವಳು ಫೋನಿಟ್ಟು ನನ್ನ ಕಡೆ ತಿರುಗಿ, "ಅತ್ತೆ, ಈಗ ಬಿಡದಿದ್ರೆ ಯಾವತ್ತೂ ಬಿಡೋಕಾಗಲ್ಲ" ಎಂದಳು.

ಆಗಲೇ ಬಾಡಿಗೆ ಕಟ್ಟಿದ್ದ ತಿಂಗಳು ಮುಗಿಯುವ ಮೊದಲೇ ಹಳೆಯ ಚಿತ್ರಗಳನ್ನೆಲ್ಲ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವ ಹಾಗೆ ಉಳಿಸಿಕೊಂಡಳು. ಗೆರೆಯ ಕೆಲಸಕ್ಕೆ ಪುಕ್ಕಟೆ ಸಿಗುವ ಒಂದನ್ನು ಆರಿಸಿದಳು. ಬಣ್ಣ ಸರಿಮಾಡಿ ಪ್ರೆಸ್ಸಿಗೆ ಕಳಿಸಲು, ಒಂದೇ ಸಲ ದುಡ್ಡು ಕೊಟ್ಟರೆ ನಮ್ಮದಾಗುವ ಇನ್ನೊಂದನ್ನು. ತೆರೆದು ನೋಡಿದರೆ ಚಿತ್ರಗಳು ಸರಿಯಾಗಿಯೇ ಇದ್ದವು, ಅಕ್ಷರಗಳದ್ದೇ ರಗಳೆ. ಒತ್ತಕ್ಷರಗಳೆಲ್ಲ ಜಗಳ ಮಾಡಿಕೊಂಡವರಂತೆ ದೂರ ಹೋಗಿ ನಿಂತಿದ್ದವು. 'ಕಣ್ಣು' ಎನ್ನುವುದನ್ನು ಕಣ್ಣಿದ್ದವರೂ ಓದುವಂತಿರಲಿಲ್ಲ. ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಬೇರೆ ಫಾಂಟ್ ಹಾಕಿ ಒಂದೊಂದು ಬೋರ್ಡಿನ ಬರಹವನ್ನೂ ಮೊದಲಿನಿಂದ ಟೈಪು ಮಾಡಿದಳು. ನಾನು ಕನ್ನಡಕ ಏರಿಸಿಕೊಂಡು ತಪ್ಪು ಹುಡುಕಿಕೊಟ್ಟೆ.

ಆಮೇಲೆ ಬಣ್ಣ ಕೈಕೊಟ್ಟಿತು. ಪರದೆಯ ಮೇಲೆ ಉರಿಯುತ್ತಿದ್ದ ಕೆಂಪು, ಅಚ್ಚಾಗಿ ಬಂದಾಗ ಇಟ್ಟಿಗೆಯ ಬಣ್ಣ. ಪ್ರೆಸ್ಸಿನ ಯಜಮಾನರು "ಹಳೇದಕ್ಕೇ ಹೋಗಮ್ಮ, ಯಾಕೆ ತಲೆನೋವು" ಎಂದರಂತೆ. ಅಡುಗೆಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತಳು. "ಪ್ರೆಸ್ಸಿನವರು ಹೇಳಿದ್ದೇ ಸರಿಯೇನೋ ಅತ್ತೆ" ಎಂದಳು. ನಾನು ತಟ್ಟೆಗೆ ಅನ್ನ ಬಡಿಸಿದೆ. ಮಾರನೆಯ ಬೆಳಿಗ್ಗೆ ಒಂದೇ ಹಾಳೆಯಲ್ಲಿ ಹತ್ತಾರು ಬಗೆಯ ಕೆಂಪಿನ ಚೌಕಗಳನ್ನು ಮಾಡಿ, ಅವರ ಕೈಲೇ ಅಚ್ಚು ಹಾಕಿಸಿ ತಂದು ಗೋಡೆಗೆ ಅಂಟಿಸಿದಳು. ಕಿಟಕಿಯ ಬೆಳಕಿನಲ್ಲಿ ನೋಡಿದಳು, ಟ್ಯೂಬ್‌ಲೈಟಿನಲ್ಲಿ ನೋಡಿದಳು, ಬೀದಿಯ ಆ ಕಡೆ ನಿಂತು ನೋಡಿದಳು. ಆರಿಸಿದ ಕೆಂಪು ಈಗ ತುರ್ತು ಚಿಕಿತ್ಸೆಯ ಬಾಗಿಲ ಮೇಲಿದೆ. ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ನಿನ್ನೆ ಆಸ್ಪತ್ರೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಒಬ್ಬ ಅಜ್ಜಿ ಒಂದು ಕಣ್ಣಿಗೆ ಸೆರಗು ಒತ್ತಿಕೊಂಡು ಒಳಗೆ ಬಂದರು. ತಲೆಯೆತ್ತಿ ಬೋರ್ಡು ನೋಡಿದರು, ಯಾರನ್ನೂ ಕೇಳದೆ ನೇರ ಕಣ್ಣಿನ ಕೋಣೆಗೆ ನಡೆದರು. ಇವಳು ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಎಂದರೆ ಉಗುರಿನ ಗುರುತು ಇನ್ನೂ ಇದೆ. "ನೋಡಿದ್ರಾ ಅತ್ತೆ" ಎಂದಳು. ನೀನು ಇರಬೇಕಿತ್ತು ಮಗನೇ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಎತ್ತರ ಹತ್ತುವಾಗ ಹುಷಾರು. ನಿನಗೆ ಏಣಿ ಹಿಡಿಯುವವರಿಗೂ ನನ್ನ ಹಾರೈಕೆ ಹೇಳು.

ನಿನ್ನ
ಅಮ್ಮ

ಮರೆತಿದ್ದೆ: ಹೆಬ್ಬಾಗಿಲ ದೊಡ್ಡ ಬೋರ್ಡಿನ ಮೂಲೆಯಲ್ಲಿ ಮಾಡಿದವರ ಹೆಸರು ಹಾಕುತ್ತಾರಂತೆ. ಅವಳು ಅಂಗಡಿಯ ಹೆಸರು ಬರೆದುಕೊಟ್ಟಿದ್ದಳು, ಅಂದರೆ ನಿನ್ನದು. ನಾನು ಪ್ರೆಸ್ಸಿಗೆ ಹೋಗಿ ಅದನ್ನು ತೆಗೆಸಿ ಅವಳ ಹೆಸರು ಹಾಕಿಸಿ ಬಂದಿದ್ದೇನೆ. ಅವಳಿಗೆ ಇನ್ನೂ ಗೊತ್ತಿಲ್ಲ, ಬೋರ್ಡು ಏರುವುದು ನಾಳೆ. ಕೋಪ ಬಂದರೆ ನನಗೆ ಫೋನ್ ಮಾಡು, ಬರದಿದ್ದರೆ ಅವಳಿಗೆ ಮಾಡು.