ಟೈಲರಮ್ಮನ ತಿದ್ದುಪಡಿ

ಜೂನ್ ೩, ಬೆಳಿಗ್ಗೆ
ಹಾಲು ಉಕ್ಕಿತು. ಒಲೆ ಒರೆಸಿದೆ. ಹೆಂಡತಿ ಬದುಕಿದ್ದಾಗ ಈ ಮನೆಯಲ್ಲಿ ಉಕ್ಕುತ್ತಿದ್ದದ್ದು ನಾನೊಬ್ಬನೇ.
ಓಣಿ ಸಂಘಕ್ಕೆ ನಗರಸಭೆಯ ನೋಟಿಸು. ಐದು ವರ್ಷ ತಪ್ಪದೆ ಸಭೆ ನಡೆಸಿದ್ದಕ್ಕೆ ದಾಖಲೆ ಬೇಕಂತೆ. ಇಲ್ಲದಿದ್ದರೆ ಸಂಘದ ಕೋಣೆಗೆ ಬೀಗ. ವಾಚನಾಲಯವೂ ಹೋಯಿತು, ಟೈಲರಮ್ಮನ ಹೊಲಿಗೆ ಕ್ಲಾಸೂ ಹೋಯಿತು. ಕಾರ್ಯದರ್ಶಿ ನಾನು. ವಿಚಾರಣೆ ಹದಿನಾಲ್ಕಕ್ಕೆ. ಸಿಚುಯೇಶನ್ ಈಸ್ ವೆರಿ... ಕಾಲೇಜಿನಲ್ಲಿ ಒಳ್ಳೆಯ ಪದವೊಂದಿತ್ತು. ಮರೆತಿದೆ.

ಜೂನ್ ೫
ಲಾ ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ಬಂದರು. ನಮ್ಮಂಥ ಸಂಘಗಳಿಗೆ ಪುಕ್ಕಟೆ ಕಾನೂನು ಸಹಾಯವಂತೆ. ಒಬ್ಬಳು ಮಾತಾಡುತ್ತಾಳೆ, ಇನ್ನೊಬ್ಬಳು ಬರೆದುಕೊಳ್ಳುತ್ತಾಳೆ.
“ತಾತ, ಮೀಟಿಂಗ್ ಪುಸ್ತಕ ಎಲ್ಲಿ?”
“ಬೇರೆ ಪುಸ್ತಕ ಯಾಕಮ್ಮ? ನನ್ನ ಡೈರೀಲೇ ಬರೀತಿದ್ದೆ.”
“ಎಲ್ಲಾ ಸಭೆನೂ?”
“ಒಂದೂ ಬಿಟ್ಟಿಲ್ಲ.”
ಮಾತಿನವಳು ಕುಣಿದಾಡಿದಳು. ಬರೆಯುವವಳು ಹಳೆಯ ಪುಟ ತಿರುವುತ್ತಾ ಕೆಮ್ಮತೊಡಗಿದಳು.

ಜೂನ್ ೬
ಮಾತಿನವಳ ಫೋನು. ಡೈರಿಯೇ ದಾಖಲೆ ಆಗುತ್ತದಂತೆ. ಆದರೆ ಸಭೆಯ ಪುಟಗಳನ್ನು ಕಮಿಟಿಯೆದುರು ಓದಿ, ಎಲ್ಲರಿಂದ ಸಹಿ ಹಾಕಿಸಬೇಕು.
“ಒಂದೆರಡು ಸಾಲು ಹೊಡೆದು ಹಾಕ್ಲಾ?”
“ಅಯ್ಯೋ ತಾತ, ಒಂದಕ್ಷರ ಮುಟ್ಟಿದ್ರೂ ಅನುಮಾನ ಬರುತ್ತೆ!”
ಕೂತು ಹಿಂದಿನದನ್ನೆಲ್ಲ ಓದಿದೆ. ಜ್ವರ ಬಂದಂತಾಯಿತು.

ಜೂನ್ ೧೧
ನಾಲ್ಕು ದಿನ ಬರೆಯಲಿಲ್ಲ. ಧೈರ್ಯವಿರಲಿಲ್ಲ.
ಇಂದು ಓದಿದರು. ಮಾತಿನವಳಿಗೆ ಒಳ್ಳೆಯ ಕಂಠ — ಅದೇ ತೊಂದರೆ.
“ಚರಂಡಿ ವಿಷಯ ಬಂದೊಡನೆ ಅಧ್ಯಕ್ಷರು ನಿದ್ರಿಸಿದರು. ಗೊರಕೆಗೆ ಯಾರೂ ವಿರೋಧ ಸೂಚಿಸಲಿಲ್ಲ.”
ಅಧ್ಯಕ್ಷರು ನಿವೃತ್ತ ಡ್ರಿಲ್ ಮಾಸ್ತರು. ಸೆಟೆದು ನಿಂತರು. “ಶುದ್ಧ ಸುಳ್ಳು! ಚರಂಡಿಗೆ ಎಚ್ಚರ ಇದ್ದೆ. ಮಲಗಿದ್ದು ಬೀದಿದೀಪಕ್ಕೆ!”
“ತಿದ್ದುಪಡಿ ಅಂತ ಬರ್ಕೊಳ್ಲಾ ಸರ್?”
“ಬರ್ಕೊಳಮ್ಮ.” ಸಹಿ ಜಡಿದರು.
ಮುಂದಿನ ಪುಟ. “ಟೈಲರಮ್ಮ ಇಂದು ಎರಡು ಸಲ ನಕ್ಕರು. ಉಳಿದ ಕಲಾಪ ನೆನಪಿಲ್ಲ.”
ಎಲ್ಲರೂ ನನ್ನನ್ನೇ ನೋಡಿದರು. ನಾನು ಫ್ಯಾನು ನೋಡಿದೆ. ರಾಜೀನಾಮೆ ಕೊಡಲು ಎದ್ದೆ — ಐ ಹಂಬ್ಲಿ ಬೆಗ್ ಟು... ಮುಂದಿನದು ಬರಲಿಲ್ಲ. ರಾಜೀನಾಮೆ ಅಲ್ಲೇ ನಿಂತಿತು.
ಟೈಲರಮ್ಮ ಕೈಯೆತ್ತಿದರು. “ನಂದೂ ಒಂದು ತಿದ್ದುಪಡಿ. ಎರಡಲ್ಲ, ಮೂರು ಸಲ. ಮೂರನೇದು ಕೈ ಅಡ್ಡ ಇಟ್ಕೊಂಡು ನಕ್ಕಿದ್ದು. ಇವರಿಗೆ ಕಾಣ್ಲಿಲ್ಲ.”
ಸರ್ವಾನುಮತದಿಂದ ಅಂಗೀಕಾರ.

ಜೂನ್ ೧೪
ನಗರಸಭೆಯ ಅಧಿಕಾರಿ ಒಂದು ಗಂಟೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಲ್ಲರೂ ನಿನ್ನೆ ಕೂತು ಬರೆದ ಹೊಸ ಪುಸ್ತಕ ತರ್ತಾರೆ. ಇಂಥದ್ದನ್ನ ಯಾರೂ ಬೇಕಂತ ಸೃಷ್ಟಿ ಮಾಡಲ್ಲ ಬಿಡಿ.”
ಕೋಣೆ ಉಳಿಯಿತು. ಹುಡುಗಿಯರು ಕಾರಿಡಾರಿನಲ್ಲೇ ಕೇಕೆ ಹಾಕಿದರು. ಜವಾನ ಗದರಿದ, ನನ್ನನ್ನು.

ಜೂನ್ ೧೬, ಸಂಜೆ
ಸಭೆಗೆಂದೇ ಬೇರೆ ಪುಸ್ತಕ ತಂದುಕೊಟ್ಟಿದ್ದಾರೆ ಹುಡುಗಿಯರು. ಇನ್ನು ಇಲ್ಲಿ ಖಾಸಗಿ ವಿಷಯ ಮಾತ್ರ. ಸ್ಟ್ರಿಕ್ಟ್‌ಲಿ.
ಸಂಘದ ಕೋಣೆಯಲ್ಲೇ ಕೂತಿದ್ದೇನೆ. ಹೊಲಿಗೆ ಯಂತ್ರ ನಿಂತಿತು. ಟೈಲರಮ್ಮ ಕುರ್ಚಿ ಎಳೆದು ಎದುರು ಕೂತರು.
“ಏನ್ರೀ ಬರೀತಿದ್ದೀರಿ?”
“ಏನಿಲ್ಲ. ಖಾಸಗಿ.”
“ನನ್ನ ವಿಷಯ ತಾನೆ? ಕೊಡಿ ಆ ಪೆನ್ನು, ನಾನೇ ಬರೀತೀನಿ. ಆಮೇಲೆ ತಿದ್ದೋ ತಾಪತ್ರಯ ಇರಲ್ಲ.”
ಕೊಡಲೋ ಬೇಡವೋ ಎಂದು ಯೋಚಿಸುವಷ್ಟರಲ್ಲೇ ಅವರು ಪೆನ್ನು ಕಸಿ—