ಖುದ್ದಾಗಿ ಹಾಜರಾಗತಕ್ಕದ್ದು

ಅಪ್ಪಾ, ನನ್ನ ಹಟಮಾರಿ ಅಪ್ಪಾ,

ನೀನು ಕೊನೆಯ ಸಲ ಮನೆಯಿಂದ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೊಲೀಸ್ ಠಾಣೆಯ ರಸೀದಿ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರಬೇಕು. ಮುತ್ಯಾನ ಕಾಲದ ಆ ಜೋಡುನಳಿಗೆಯ ಬಂದೂಕನ್ನು ನೀನು ಎಷ್ಟು ಚುನಾವಣೆಗಳಿಗೆ ಹೊತ್ತೊಯ್ದು ಹೊತ್ತು ತಂದೆಯೋ! ಕೈ ನಡುಗುತ್ತದೆ, ನಾನೂ ಬರುತ್ತೇನೆ ಅಂದರೆ, "ಬ್ಯಾಡವ್ವ ಪದ್ದಿ. ಸರ್ಕಾರಿ ಕೆಲಸಕ್ಕ ಖುದ್ದ ಹೋಗಬೇಕು. ಇನ್ನೊಬ್ಬರ ಮ್ಯಾಲೆ ಹಾಕಿದ್ರ ಆಗೂದಿಲ್ಲ" ಅಂದೆ. ಅವ್ವನಿಗೆ, "ಬಂದೂಕು ತಗೊಂಡು ಬಂದುಬಿಡ್ತೀನಿ, ರೊಟ್ಟಿ ಬಿಸಿ ಇರಲಿ" ಅಂದೆ. ನಾರಾಯಣಗೂಡದ ಚೌರಸ್ತಾದಲ್ಲಿ ಆಟೋಗೆ ಕೈ ಎತ್ತಿದವನು ಹಾಗೆಯೇ ಕುಸಿದೆಯಂತೆ. ಆಸ್ಪತ್ರೆಯವರು ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ರಸೀದಿ ಜೇಬಿನಲ್ಲೇ ಇತ್ತು.

ನಿನ್ನ ಹತ್ತನೆಯ ದಿನ ಸ್ಮಶಾನದ ಬೇವಿನ ಮರದ ಕೆಳಗೆ ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಮರದ ತುಂಬ ಕಾಗೆಗಳು, ಕೆಳಗಿಳಿದದ್ದು ಒಂದೂ ಇಲ್ಲ. ನಿನಗೆ ಪ್ರಾಣವಾದ ಮಿರ್ಚಿ ಭಜಿ ತರಿಸಿ ಇಟ್ಟರು. ಊಹೂಂ. ಬೀದರಿನಿಂದ ಬಂದಿದ್ದ ಕಾಕಾ ಕೈ ಮುಗಿದು, "ಅಣ್ಣಾ, ವೈನಿನ್ನ ನೋಡ್ಕೋತೀವಿ, ಪದ್ದಿನ್ನೂ ನೋಡ್ಕೋತೀವಿ, ಮುಟ್ಟಪಾ" ಅಂದ. ನನ್ನನ್ನು ನೋಡಿಕೊಳ್ಳುವವನು ಕಾಕಾ! ಕಾಗೆಗೂ ನಂಬಿಕೆ ಬರಲಿಲ್ಲ. ಬಿಸಿಲು ಏರುತ್ತಿತ್ತು, ಅವ್ವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು. ಕೊನೆಗೆ ನಾನೇ ಮುಂದೆ ಹೋದೆ. ನಾಚಾರಂ ಕಾರ್ಖಾನೆಯಲ್ಲಿ ದಿನವಿಡೀ ವಾಲ್ವುಗಳ ಅಳತೆ ನೋಡಿ ಪಾಸು, ಫೇಲು ಅನ್ನುವವಳು ನಾನು. ಕಾಗೆಯ ಜೊತೆ ಮಾತಾಡುವುದೆಂದರೆ... ಆದರೂ ಅಂದೆ: "ಅಪ್ಪಾ, ಬಂದೂಕು ನಾ ಮನಿಗೆ ತರ್ತೀನಿ." ಮಾತು ಮುಗಿಯುವುದಕ್ಕೂ ಕಾಗೆಯೊಂದು ಇಳಿಯುವುದಕ್ಕೂ ಸರಿಹೋಯಿತು. 

ಅವ್ವ ನಿನಗಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ, ಗೊತ್ತೇ? ಅತ್ತೆಯರೆಲ್ಲ ಎದೆ ಬಡಿದುಕೊಂಡು ಅಳುವಾಗ ಇವಳು, "ಯಾಕ ಅಳ್ತೀರಿ? ಅವರು ಬಂದೂಕು ತರಾಕ ಹೋಗ್ಯಾರ. ಅದು ಮನಿಗೆ ಬಂದ ಮ್ಯಾಲ ಹೋಗ್ತಾರ" ಅಂದಳು. ಭಾನುವಾರ ಊಟವಾದ ಮೇಲೆ ಬಾಲ್ಕನಿಯಲ್ಲಿ ಹಳೆಯ ತೆಲುಗು ಪೇಪರ್ ಹಾಸುವುದನ್ನೂ ಬಿಡಲಿಲ್ಲ. ನೀನು ಅದರ ಮೇಲೆ ಬಂದೂಕು ಬಿಚ್ಚಿಟ್ಟುಕೊಂಡು, ಹೊಲಿಗೆ ಯಂತ್ರದ ಎಣ್ಣೆ ಹಾಕಿ, ನಳಿಗೆಯೊಳಗೆ ಬಟ್ಟೆ ಆಡಿಸುತ್ತಿದ್ದೆಯಲ್ಲ, ಅದೇ ಹೊತ್ತಿಗೆ. ಬಂದೂಕು ಬಂದರೆ ಇದೆಲ್ಲ ಮುಗಿಯುತ್ತದೆ, ಅವ್ವ ಅತ್ತು ಹಗುರಾಗುತ್ತಾಳೆ ಎಂದುಕೊಂಡೆ. ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು!

ಲೈಸೆನ್ಸ್ ಕಚೇರಿಗೆ ಮೊದಲ ಸಲ ಹೋದಾಗ ಎಲ್ಲ ಕಾಗದ ಒಯ್ದಿದ್ದೆ. ನಿನ್ನ ಮರಣ ಪತ್ರ, ವಾರಸುದಾರರ ಪತ್ರ, ನನ್ನ ಹೆಸರಿಗೆ ಮಾಡಲು ಅಭ್ಯಂತರವಿಲ್ಲ ಎಂದು ಅವ್ವ ಒತ್ತಿದ ಹೆಬ್ಬೆಟ್ಟು. ಗುಮಾಸ್ತ ಒಳ್ಳೆಯವನೇ, ಕೂತುಕೊಳ್ಳಲು ಹೇಳಿದ. "ಫೈಲ್ ಪೈಕಿ ಪೋಯಿಂದಮ್ಮಾ" ಅಂದ, ಮೇಲಕ್ಕೆ ಹೋಗಿದೆ ಅಂತ. ಎರಡು ದೀಪಾವಳಿ ಕಳೆದರೂ ಅದು ಮೇಲಿನಿಂದ ಇಳಿಯಲಿಲ್ಲ. ಒಮ್ಮೆ ಸಾಹೇಬರಿಗೆ ವರ್ಗವಾಯಿತು, ಒಮ್ಮೆ ಕಚೇರಿಯೇ ಬೇರೆ ಕಟ್ಟಡಕ್ಕೆ ಹೋಯಿತು, ಒಮ್ಮೆ ಮರಣ ಪತ್ರ ಹಳೆಯದಾಯಿತು, ಹೊಸದು ತನ್ನಿ ಅಂದರು. ಸಾವೂ ಹಳೆಯದಾಗುತ್ತದೇನಪ್ಪಾ? ಇಷ್ಟರ ನಡುವೆ ಅಂಚೆಯಲ್ಲಿ ಕಾಗದಗಳು ಮಾತ್ರ ತಪ್ಪದೆ ಬರುತ್ತಿದ್ದವು, ಎಲ್ಲವೂ ನಿನ್ನ ಹೆಸರಿಗೆ. ಶ್ರೀ ಮಾಣಿಕರಾವ್ ಅವರು ಖುದ್ದಾಗಿ ಹಾಜರಾಗತಕ್ಕದ್ದು. ತೀರಿಹೋದವರನ್ನು ಹೇಗೆ ಕರೆತರಲಿ ಎಂದು ಕೂಗಾಡಿದರೆ ಗುಮಾಸ್ತ ತಲೆ ತಗ್ಗಿಸಿ, "ಮಾಕು ತೆಲುಸಮ್ಮಾ. ಕಾನಿ ರಿಕಾರ್ಡುಲೋ ಆಯನ ಇಂಕಾ ಉನ್ನಾರು ಕದಾ" ಅಂದ. ನಮಗೆ ಗೊತ್ತು, ಆದರೆ ದಾಖಲೆಯಲ್ಲಿ ಅವರು ಇನ್ನೂ ಇದ್ದಾರಲ್ಲ, ಅಂತ.

ನಿನ್ನ ಕೈ ನಡುಗಲು ಶುರುವಾದ ವರ್ಷ ನೆನಪಿದೆಯೇ? ಬ್ಯಾಂಕಿನವರು ಸಹಿ ಹೊಂದುವುದಿಲ್ಲ ಎಂದು ಚೆಕ್ಕು ತಿರುಗಿಸಿದ ದಿನ ನೀನು ಊಟ ಮಾಡಲಿಲ್ಲ. ಮರುದಿನ ನಾನೇ ನಿನ್ನ ಹಳೆಯ ಸಹಿಯನ್ನು ಮುಂದಿಟ್ಟುಕೊಂಡು ಒಂದು ನೋಟ್‌ಬುಕ್ ತುಂಬ ತಿದ್ದಿದೆ. ಆ ಉದ್ದ ಬಾಲ, ಕೊನೆಯ ಚುಕ್ಕೆ, ಎಲ್ಲ ಕೂಡಿಸಿ ನಿನಗೇ ಗುರುತು ಸಿಗದ ಹಾಗೆ. ನೀನು ನಕ್ಕು, "ನನ್ನ ಕೈ ಇನ್ನ ನಿನ್ನ ಹಂತ್ಯಾಕ ಐತಿ, ಜ್ವಾಕಿಲೆ ಇಟ್ಕೊ" ಅಂದೆ. ಅಲ್ಲಿಂದ ಕೊನೆಯವರೆಗೂ ಎಲ್ಲ ಕಾಗದಕ್ಕೂ ನಾನೇ ನಿನ್ನ ಸಹಿ ಹಾಕಿದೆ. ನಿನ್ನ ನಿಜವಾದ ನಡುಗುವ ಸಹಿ ಮನೆಯಿಂದ ಹೊರಗೆ ಯಾರೂ ನೋಡಲೇ ಇಲ್ಲ.

ತಪ್ಪಾದದ್ದು ಅಲ್ಲೇ. ಕಳೆದ ಬೇಸಿಗೆಯಲ್ಲಿ ಗುಮಾಸ್ತ ಮತ್ತೊಂದು ಕಟ್ಟು ಫಾರಂ ಕೊಟ್ಟು, ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ, ಬೇಗ, ಊಟದ ಹೊತ್ತು ಅಂದ. ಫ್ಯಾನಿಲ್ಲ, ಹಿಂದೆ ಸಾಲು, ನಾನು ರೇಗಿದ್ದೆ. ಕೈ ತಾನಾಗಿ ಓಡಿತು. ಉಪ್ಪಲ್ ಕಡೆಯ ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು, ಹಾಕಿದ್ದು ನನ್ನ ಸಹಿ ಅಲ್ಲ. ಪ್ರತಿ ಹಾಳೆಯ ಮೇಲೂ ಉದ್ದ ಬಾಲದ ಮಾಣಿಕರಾವ್, ಕೆಳಗೆ ಆವತ್ತಿನ ತಾರೀಖು. ಹೇಗೂ ತಿರಸ್ಕರಿಸುತ್ತಾರೆ, ಆಗ ನೋಡಿಕೊಂಡರಾಯಿತು ಎಂದುಕೊಂಡೆ. ಅಪ್ಪಾ, ಎರಡು ವರ್ಷ ಅಲುಗಾಡದ ಫೈಲು ಒಂದೇ ವಾರದಲ್ಲಿ ಹೊರಟಿತು.

ಲೈಸೆನ್ಸಿಗಾಗಿ ಪೊಲೀಸರು ಮನೆಗೆ ತಪಾಸಣೆಗೆ ಬಂದ ಭಾನುವಾರ ನಾನು ಮನೆಯಲ್ಲಿರಲಿಲ್ಲ, ಕಾರ್ಖಾನೆಯಲ್ಲಿ ಓವರ್‌ಟೈಮ್ ಇತ್ತು. ಆಮೇಲೆ ಕಚೇರಿಯಲ್ಲಿ ಗುಮಾಸ್ತ ಹೆಮ್ಮೆಯಿಂದ ವರದಿ ತೋರಿಸಿದ. ಅರ್ಜಿದಾರರು ಮನೆಯಲ್ಲೇ ಇದ್ದರು. ನಡತೆ ಒಳ್ಳೆಯದು. ಎಡಗಿವಿ ಕೇಳಿಸದು, ಉಳಿದಂತೆ ಆರೋಗ್ಯ. ನಿನ್ನ ಎಡಗಿವಿಯ ವಿಷಯ ಯಾವ ಕಾಗದದಲ್ಲಿದೆ? ವರದಿ ಬರೆದ ಕಾನ್‌ಸ್ಟೇಬಲ್ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಯಾರನ್ನು ನೋಡಿದಿರಿ ಅಂದೆ. "ಮೀ ನಾನ್ನಗಾರಿನೇ" ಅಂದ, ನಿಮ್ಮ ತಂದೆಯವರನ್ನೇ, ಅಂತ. ಬಾಲ್ಕನಿಯಲ್ಲಿ ಪೇಪರ್ ಹಾಸಿಕೊಂಡು ಸುಮ್ಮನೆ ಕೂತಿದ್ದರು, ನನ್ನ ಬಂದೂಕು ಯಾವಾಗ ಕೊಡ್ತೀರಿ ಅಂತ ಎರಡೆರಡು ಸಲ ಕೇಳಿದರು. ಅಷ್ಟು ಹೇಳಿ ಅವನು ಬೇರೆ ಕೆಲಸಕ್ಕೆ ಹೋದ.

ಮನೆಗೆ ಬಂದಾಗ ಅವ್ವ ಮೆಂತ್ಯ ಸೋಸುತ್ತಿದ್ದಳು. "ಭಾನುವಾರ ಪೊಲೀಸ್ ಬಂದಿದ್ನೇನು?" ಅಂದೆ.

"ಬಂದಿದ್ದ. ಭಾಳ ಚಲೋ ಹುಡುಗ. ಮೂರು ಕಪ್ಪು ಚಾ ಮಾಡಿದ್ದೆ."

"ಮೂರು ಯಾಕ?"

"ಅವಗೊಂದು, ನನಗೊಂದು, ನಿಮ್ಮಪ್ಪಾರಿಗೊಂದು. ಮತ್ತ?"

ಅಡುಗೆಮನೆಯ ಬಚ್ಚಲಿನಲ್ಲಿ ಕಪ್ಪು ಬೋರಲು ಹಾಕಿತ್ತು, ನಿನ್ನ ಕಿವಿ ಮುರಿದ ಕಪ್ಪು. ಬಾಲ್ಕನಿಗೆ ಹೋದೆ. ಭಾನುವಾರದ ಪೇಪರ್ ಇನ್ನೂ ಹಾಸಿಯೇ ಇತ್ತು, ಮೇಲೆ ಏನೂ ಇರಲಿಲ್ಲ, ಆದರೆ ನಡುವೆ ತಗ್ಗಾಗಿತ್ತು, ಬಹಳ ಹೊತ್ತು ಯಾರೋ ಮೊಣಕೈ ಊರಿದ ಹಾಗೆ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಆ ಎಣ್ಣೆಯ ಸೀಸೆಯನ್ನು ನೀನು ಹೋದ ಮೇಲೆ ಯಾರು ಮುಟ್ಟಿದ್ದಾರೆ ಅಪ್ಪಾ?

ಹೆದರಿದೆ. ನಿನಗೆ ಹೆದರುವುದು ಹೇಗೆ, ಆದರೂ ಹೆದರಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲೆ ನನಗೇ ಸಿಟ್ಟು ಬಂತು. ಸತ್ತವನ ಸಹಿ ಹಾಕಿ ಹಾಕಿ ನಾನೇ ನಿನ್ನನ್ನು ಹಿಡಿದಿಟ್ಟೆನೇ? ಇಷ್ಟರಲ್ಲಿ ಆದೇಶವೂ ಬಂತು. ಶ್ರೀ ಮಾಣಿಕರಾವ್ ಅವರ ಲೈಸೆನ್ಸ್ ನವೀಕರಿಸಲಾಗಿದೆ, ಆಯುಧವನ್ನು ಖುದ್ದಾಗಿ ಬಂದು ಪಡೆಯತಕ್ಕದ್ದು. ಅದನ್ನೂ ಠಾಣೆಯ ರಸೀದಿಯನ್ನೂ ಕಪಾಟಿನ ಒಳಖಾನೆಯಲ್ಲಿಟ್ಟೆ. ಎರಡು ದಿನ ನಿದ್ದೆಯಿಲ್ಲ. ಸುಮ್ಮನಿದ್ದರೆ ನೀನು ಕಾಗದದಲ್ಲಿ ಇನ್ನೂ ಹಲವು ವರ್ಷ ಬದುಕುತ್ತೀಯ, ಅವ್ವ ಪ್ರತಿ ಭಾನುವಾರ ನಿನಗೆ ಚಹಾ ಇಡುತ್ತಾಳೆ. ನಿಜ ಹೇಳಿದರೆ ನನ್ನ ಮೇಲೆ ಕೇಸು, ಫೈಲು ಮತ್ತೆ ಮೊದಲಿನಿಂದ. ಕಾಗೆಗೆ ಕೊಟ್ಟ ಮಾತು? ಮೂರನೆಯ ದಿನ ಗಟ್ಟಿ ಮನಸ್ಸು ಮಾಡಿ, ಲೈಸೆನ್ಸ್‌ದಾರರು ತೀರಿಕೊಂಡಿದ್ದಾರೆ, ಸಹಿ ನನ್ನದು, ತಪ್ಪು ನನ್ನದು ಎಂದು ಬರೆದು ನನ್ನ ಹೆಸರಿನ ಸಹಿ ಹಾಕಿದೆ. ಜೊತೆಗೆ ಒಯ್ಯಲು ಒಳಖಾನೆ ತೆಗೆದರೆ ರಸೀದಿಯೂ ಇಲ್ಲ, ಆದೇಶವೂ ಇಲ್ಲ.

ಠಾಣೆಯಲ್ಲಿ ಆಯುಧ ಕೋಣೆಯ ಹೆಡ್ ಕಾನ್‌ಸ್ಟೇಬಲ್ ನಿನ್ನ ಹೆಸರು ಕೇಳಿದ್ದೇ ತಡ, ನನ್ನ ಕಾಗದ ಓದುವ ಮೊದಲೇ ರಿಜಿಸ್ಟರ್ ತೆಗೆದ. "ಪೆದ್ದಾಯನ ಪೊದ್ದುನ್ನೇ ವಚ್ಚಾರು ಕದಮ್ಮಾ" ಅಂದ. ಹಿರಿಯರು ಬೆಳಿಗ್ಗೆಯೇ ಬಂದಿದ್ದರಲ್ಲ! "ಚೇಯಿ ವಣುಕುತೋಂದಿ, ರಿಜಿಸ್ಟರ್ ನೇನೇ ಪಟ್ಟುಕುನ್ನಾ." ಕೈ ನಡುಗುತ್ತಿತ್ತಂತೆ, ಇವನೇ ರಿಜಿಸ್ಟರ್ ಹಿಡಿದುಕೊಂಡನಂತೆ. ಪುಟದ ಕೆಳಗೆ ಸಹಿ ಇತ್ತು. ನಾನು ತಿದ್ದಿ ಕಲಿತ ಉದ್ದ ಬಾಲದ್ದಲ್ಲ. ಒಡೆದ ಗೀಟು, ಅಂಕುಡೊಂಕು, ಕೊನೆಯ ಚುಕ್ಕೆ ಸಾಲಿನ ಹೊರಗೆ ಬಿದ್ದದ್ದು. ಅದನ್ನು ನಾನು ಹಾಕಲಾರೆ ಅಪ್ಪಾ. ಇನ್ನಾರೂ ಹಾಕಲಾರರು. ಬರೆದು ತಂದ ಕಾಗದವನ್ನು ಮಡಚಿ ಹಿಡಿದು ಹೊರಗೆ ಬಂದು ಆಟೋ ಹತ್ತಿದೆ.

ಆಟೋ ಇಳಿದು ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಬಾಲ್ಕನಿಯ ಪೇಪರ್ ಮೇಲೆ ಬಂದೂಕು ಬಿಚ್ಚಿಟ್ಟಿತ್ತು. ನಳಿಗೆಗಳೆರಡೂ ಖಾಲಿ, ಒರೆಸಿ ಎಣ್ಣೆ ಹಚ್ಚಿದ್ದು, ಎರಡು ವರ್ಷ ಠಾಣೆಯ ಧೂಳು ತಿಂದದ್ದು ಎಂದು ಯಾರೂ ಹೇಳುವಂತಿರಲಿಲ್ಲ. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ತಟ್ಟೆಯಲ್ಲಿ ಒಂದು ರೊಟ್ಟಿ, ಅರ್ಧ ಮುರಿದದ್ದು. "ಕೆಲಸ ಆತು ಅಂದ್ರು. ಪದ್ದಿಗೆ ಹೇಳು ಅಂದ್ರು. ಹೋದ್ರವ್ವ..." ಅಂದಳು. ಹಾಗೆ ಅನ್ನುತ್ತಲೇ ಅವಳ ಬಾಯಿ ಸೊಟ್ಟಗಾಯಿತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಎರಡು ವರ್ಷದ್ದನ್ನೆಲ್ಲ ಒಂದೇ ಸಲ ಅತ್ತಳು. ನಾನೂ ಅವಳ ಪಕ್ಕ ಕೂತು ಅತ್ತೆ. ನನಗೂ ಹೇಳದೆ ಹೋದೆಯಲ್ಲ ಎಂದು ಬೈದುಕೊಂಡೇ ಅತ್ತೆ. ನಾನು ತರುತ್ತೇನೆ ಅಂದಿರಲಿಲ್ಲವೇ? ಒಂದು ಸಲವಾದರೂ ನನ್ನ ಮೇಲೆ ಹಾಕಬಾರದಿತ್ತೇ?

ಆಮೇಲಿನ ಸುದ್ದಿ ನಿನಗೆ ಗೊತ್ತಿಲ್ಲ, ಅದಕ್ಕೇ ಈ ಪತ್ರ. ನನ್ನ ಹೆಸರಿಗೆ ಲೈಸೆನ್ಸ್ ಇಲ್ಲವಲ್ಲ, ಠಾಣೆಗೆ ಫೋನ್ ಮಾಡಿ, ಆಯುಧ ಕೋಣೆಯವನನ್ನು ರಿಜಿಸ್ಟರ್ ಸಮೇತ ಮನೆಗೆ ಕರೆಸಿ, ಮರುದಿನವೇ ಬಂದೂಕನ್ನು ನಾನೇ ಒಪ್ಪಿಸಿದೆ. ಹೆಡ್ ಕಾನ್‌ಸ್ಟೇಬಲ್ ನಿನ್ನ ಮರಣ ಪತ್ರ ಓದಿದ, ತಾರೀಖು ನೋಡಿದ, ರಿಜಿಸ್ಟರಿನ ಸಹಿ ನೋಡಿದ, ತನ್ನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಹೊಸ ರಸೀದಿ ಬರೆದ. ಅದರಲ್ಲಿ ಈಗ ನನ್ನ ಹೆಸರಿದೆ. ಸಹಿಯ ವಿಷಯಕ್ಕೆ ನನ್ನ ಹೇಳಿಕೆ ತೆಗೆದುಕೊಂಡಿದ್ದಾರೆ, ಏನಾಗುತ್ತದೋ ನೋಡೋಣ. ಹೊಸ ಅರ್ಜಿಯ ಒಂದೊಂದು ಹಾಳೆಗೂ ಮೂರು ಮೂರು ಸಲ ನೋಡಿ ನನ್ನ ಸಹಿಯನ್ನೇ ಹಾಕಿದ್ದೇನೆ. ಎಷ್ಟು ವರ್ಷ ಆಗುತ್ತದೋ, ಯಾವ ಸಾಹೇಬರ ಕಾಲಕ್ಕೆ ಆಗುತ್ತದೋ. ಆದರೆ ತರುವವಳು ನಾನು, ಖುದ್ದಾಗಿ. ನಿನ್ನ ಕೈಯನ್ನು ನಿನಗೆ ವಾಪಸ್ ಕೊಟ್ಟಿದ್ದೇನೆ, ಆ ನೋಟ್‌ಬುಕ್ಕನ್ನೂ ಒಲೆಗೆ ಹಾಕಿದೆ.

ಬರುವ ಭಾನುವಾರ ತಪಾಸಣೆಗೆ ಅದೇ ಕಾನ್‌ಸ್ಟೇಬಲ್ ಬರುತ್ತಾನಂತೆ. ರಜೆ ಹಾಕಿದ್ದೇನೆ, ನಾನೇ ಮನೆಯಲ್ಲಿರುತ್ತೇನೆ. ಬಾಲ್ಕನಿಯಲ್ಲಿ ಪೇಪರ್ ಹಾಸುವುದಿಲ್ಲ. ಅವ್ವನಿಗೆ ಮೂರೇ ಕಪ್ಪು ಚಹಾ ಮಾಡಲು ಹೇಳಿದ್ದೇನೆ. ಅವನಿಗೊಂದು, ಅವ್ವನಿಗೊಂದು, ನನಗೊಂದು.

ನಾಲ್ಕನೆಯದು ಕೇಳಬೇಡ ಅಪ್ಪಾ.

ನಿನ್ನ,
ಪದ್ದಿ